ಟಚ್‌ಪ್ಯಾಡ್ ಓಗೊಡದಿದ್ದರೆ

ಲ್ಯಾಪ್‌ಟಾಪನ್ನೇ ನಂಬಿ ಲೆಕ್ಕಪತ್ರದ ಕೆಲಸ ಮಾಡುವ ಬಂಧುಗಳು ಇದನ್ನು ಗಮನಿಸಬೇಕು. ಬೆರಳು ಸೋಕಿದಾಗ ವಿದ್ಯುತ್‌ಕ್ಷೇತ್ರದಲ್ಲಾಗುವ ಬದಲಾವಣೆಯನ್ನು ಟಚ್‌ಪ್ಯಾಡ್ ಗುರುತಿಸುತ್ತದೆ. ಆದ್ದರಿಂದ ಕಾಶಿಯ ಶ್ರಾವಣದ ಬೆವರುಗೈಯಾಗಲಿ, ಪುಷ್ಯದ ಚಳಿಗೆ ತೊಟ್ಟ ಉಣ್ಣೆಯ ಕೈಗವಸಾಗಲಿ ಅದಕ್ಕೆ ಒಗ್ಗುವುದಿಲ್ಲ. ಮೊದಲು ಕೈಯನ್ನೂ ಫಲಕವನ್ನೂ ಒಣಬಟ್ಟೆಯಿಂದ ಒರೆಸಿರಿ. ಫಲ ಕಾಣದಿದ್ದರೆ ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಿರಿ. ಕೀಲಿಮಣೆಯ ಮೇಲ್ಸಾಲಿನಲ್ಲಿ ಟಚ್‌ಪ್ಯಾಡಿನ ಚಿತ್ರವಿರುವ ಕೀಲಿಯಿದ್ದರೆ, ಅದನ್ನು ಬೇಕಾದಲ್ಲಿ ‘ಎಫ್ಎನ್’ ಕೀಲಿಯೊಡನೆ ಒತ್ತಿ ನೋಡಿರಿ. ಅರಿಯದೆ ಅದನ್ನು ಒತ್ತಿ ಟಚ್‌ಪ್ಯಾಡ್ ಬಂದಾಗಿರುವುದುಂಟು. ಅಷ್ಟಕ್ಕೂ ಆಗದಿದ್ದರೆ, ಒಂದು ಮೌಸ್ ಸಿಕ್ಕಿಸಿ ಅಂದಿನ ಕೆಲಸ ಮುಗಿಸಬಹುದು.

ಆದರೆ ಫಲಕವು ಉಬ್ಬಿ ಮೇಲೆದ್ದಿದ್ದರೆ ಕೆಲಸ ಮುಂದುವರಿಸಕೂಡದು. ಕೆಳಗಿನ ಬ್ಯಾಟರಿ ಊದಿಕೊಂಡಿರಬಹುದು, ಬೆಂಕಿಯ ಭಯವುಂಟು. ಒತ್ತದೆ, ಚುಚ್ಚದೆ, ಚಾರ್ಜರ್ ಕಿತ್ತು ಯಂತ್ರವನ್ನು ನಿಲ್ಲಿಸಿ ಬಲ್ಲ ರಿಪೇರಿಯವರಿಗೆ ತೋರಿಸಿರಿ. ಒಂದು ದಿನದ ಕೂಲಿಗಿಂತ ಪ್ರಾಣ ದೊಡ್ಡದು.