ಮುಂದೇನಾಯ್ತು ಅಂತ ಯಾರು ಹೇಳಬೇಕು?

1969ರಲ್ಲಿ ಡೇವಿಡ್ ವೆಸ್ಲಿ ಹೂಡಿದ ಆಟ ಅವರ ಲೆಕ್ಕದಲ್ಲಿ ಕೆಟ್ಟುಹೋಗಿತ್ತು. ಅಮೆರಿಕದ ಮಿನೆಸೋಟಾದಲ್ಲಿ ಅವರದೊಂದು ಗೆಳೆಯರ ಕೂಟ. ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ ಹಳೆಯ ಯುದ್ಧಗಳನ್ನು ಮತ್ತೆ ಹೋರಾಡುವುದು ಅವರ ಹವ್ಯಾಸ. ಈ ಸಲದ ಕಣ ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರು. ವೆಸ್ಲಿ ದಂಡನಾಯಕರ ಪಾತ್ರದ ಜೊತೆಗೆ ಊರೊಳಗಿನವರ ಪಾತ್ರಗಳನ್ನೂ ಹಂಚಿದರು: ಒಬ್ಬ ಮೇಯರ್, ಒಬ್ಬ ಬ್ಯಾಂಕಿನವನು, ಒಬ್ಬ ವಿದ್ಯಾರ್ಥಿ. ಆಟಗಾರರು ಸರದಿಗೆ ಕಾಯಲಿಲ್ಲ. ಮೂಲೆಗೆ ಸರಿದು ಗುಟ್ಟಾಗಿ ಒಪ್ಪಂದ ಮಾಡಿಕೊಂಡರು. ಇಬ್ಬರು ದ್ವಂದ್ವಯುದ್ಧಕ್ಕೇ ನಿಂತರು. ಅದಕ್ಕೆ ನಿಯಮವೇ ಇರಲಿಲ್ಲ. ವೆಸ್ಲಿ ಆ ಗಳಿಗೆಯಲ್ಲಿ ತೋಚಿದ ತೀರ್ಪು ಕೊಟ್ಟರು. ಆಟ ಕೈಮೀರಿತೆಂದು ಅವರು ಕೈಚೆಲ್ಲಿದರೆ, ಆಡಿದವರು ಮಾತ್ರ ಮತ್ತೆ ಯಾವಾಗ ಎಂದು ಕೇಳಿದರು.

ತೀರ್ಪುಗಾರನ ಈ ಅಧಿಕಾರ ಹೊಸದಲ್ಲ. ಪ್ರಷ್ಯಾದ ಸೇನೆ 1824ರಿಂದಲೇ ಅಧಿಕಾರಿಗಳ ತರಬೇತಿಗೆ ಯುದ್ಧದಾಟ ಬಳಸುತ್ತಿತ್ತು. ಚಾರ್ಲ್ಸ್ ಟಾಟನ್ ಎಂಬ ಅಮೆರಿಕದ ಸೇನಾಧಿಕಾರಿ 1880ರಲ್ಲಿ ಇಂಥದ್ದೇ ಆಟದ ಪುಸ್ತಕ ಬರೆದಿದ್ದರು. ಆಟಗಾರ ಏನನ್ನು ಬೇಕಾದರೂ ಮಾಡಲು ಯತ್ನಿಸಬಹುದು, ಫಲ ಹೇಳುವವನು ತೀರ್ಪುಗಾರ ಎಂಬ ಮಾತನ್ನು ವೆಸ್ಲಿ ಅದರಿಂದಲೇ ಕಲಿತದ್ದು. ಸೈನ್ಯದ ಬದಲು ಒಬ್ಬೊಬ್ಬ ಮನುಷ್ಯನನ್ನು ಆಟಗಾರನ ಕೈಗೆ ಕೊಟ್ಟಾಗ ಆ ಮಾತಿಗೆ ಜೀವ ಬಂತು.

ಕೂಟದಲ್ಲಿದ್ದ ಡೇವ್ ಆರ್ನೆಸನ್ ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತರು. ಮುಂದೊಂದು ಆಟದಲ್ಲಿ ಅವರದು ಕ್ರಾಂತಿಕಾರಿ ವಿದ್ಯಾರ್ಥಿಯ ಪಾತ್ರ. ಮನೆಯಿಂದಲೇ ಸಿಐಎಯ ನಕಲಿ ಗುರುತುಚೀಟಿ ಮಾಡಿಕೊಂಡು ಬಂದು, ತಾನು ವೇಷ ಮರೆಸಿಕೊಂಡ ಗೂಢಚಾರನೆಂದು ಉಳಿದವರನ್ನು ನಂಬಿಸಿದರು. ಆಟ ಹೂಡಿದವರಿಗೂ ಹೊಳೆಯದಿದ್ದ ಕತೆಯೊಂದು ಆಟಗಾರನ ಜೇಬಿನಿಂದ ಹೊರಬಂತು. ಈ ಆಟಗಳ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದು. ಆರ್ನೆಸನ್ ಬ್ಲ್ಯಾಕ್‌ಮೂರ್ ಎಂಬ ಜಗತ್ತು ಕಟ್ಟಿದರು, ಇನ್ನೊಬ್ಬ ಯುದ್ಧದಾಟದ ಹವ್ಯಾಸಿ ಗ್ಯಾರಿ ಗೈಗ್ಯಾಕ್ಸ್ ಜೊತೆಗೂಡಿದರು. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರ ವಹಿಸುವ ಆಟದ ಪೆಟ್ಟಿಗೆ ಬಂತು. ಮೊದಲ ಮುದ್ರಣ 1000 ಪ್ರತಿ.

ಆದರೆ ಆ ಆಟದಲ್ಲೂ ಜಗತ್ತು ಒಬ್ಬರ ಸ್ವತ್ತಾಗಿಯೇ ಉಳಿಯಿತು. ನಿಮ್ಮ ಪಾತ್ರ ಬಾಗಿಲು ತೆರೆಯಬಹುದು. ಒಳಗೆ ಏನಿದೆಯೆಂಬುದು ಆಟ ನಡೆಸುವ ಗೇಮ್ ಮಾಸ್ಟರ್ ಮೊದಲೇ ಬರೆದಿಟ್ಟ ನಕ್ಷೆಯಲ್ಲಿರುತ್ತದೆ. ನನ್ನ ಕೆಲಸ ನನ್ನದು, ಫಲ ಅವರದು. ಈ ಗಡಿ ದಾಟುವುದಕ್ಕೆ ಇನ್ನೂ ಸುಮಾರು ಮೂರು ದಶಕ ಬೇಕಾಯಿತು.

ಕತೆಯ ಮೇಲಿನ ಹಕ್ಕನ್ನು ಬಿಡಿಸಿ ಹಂಚುವ ವಿದ್ಯೆ ಮಾತ್ರ ನಮ್ಮಲ್ಲಿ ಮೊದಲಿನಿಂದಲೂ ಇದೆ. ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಳೆ ನೋಡಿ. ವೇಷವಿಲ್ಲ, ಕುಣಿತವಿಲ್ಲ, ಕುಳಿತು ಮಾತಾಡುವ ಯಕ್ಷಗಾನ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಅದು ಬರೆದಿಟ್ಟದ್ದು. ಅರ್ಥಧಾರಿಗಳ ಮಾತು ಅಲ್ಲೇ, ಆಗಲೇ ಹುಟ್ಟುವಂಥದ್ದು. ರಾಮಾಯಣದ ವಾಲಿ ರಾಮನ ಬಾಣ ತಿಂದು ಬಿದ್ದಿದ್ದಾನೆ, ಸಾಯುವುದು ಖಚಿತ, ಅದನ್ನು ಯಾರೂ ಬದಲಿಸುವಂತಿಲ್ಲ. ಆದರೆ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಅವನು ಕೇಳಿದಾಗ ರಾಮನ ಪಾತ್ರಧಾರಿ ಏನು ಉತ್ತರಿಸುತ್ತಾರೆ, ಆ ರಾತ್ರಿ ಸಭೆ ಯಾರ ಮಾತಿಗೆ ತಲೆದೂಗುತ್ತದೆ ಎಂಬುದನ್ನು ಯಾವ ಪುಸ್ತಕವೂ ಮೊದಲೇ ಹೇಳಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ವಾಲಿಯಾಗಿ ಎದುರಿಗೆ ಕುಳಿತರೆ ರಾಮನಿಗೆ ಗೆಲುವು ಸುಲಭವಾಗಿರಲಿಲ್ಲ. ವಾದ ದಾರಿ ತಪ್ಪಿತೆನಿಸಿದರೆ ಭಾಗವತರು ಮುಂದಿನ ಪದ ಎತ್ತಿಕೊಳ್ಳುತ್ತಾರೆ, ಮಾತು ನಿಲ್ಲಲೇಬೇಕು. ಘಟನೆ ಪ್ರಸಂಗದ್ದು, ಅದರ ಕಾರಣ ಅರ್ಥಧಾರಿಯದು, ವೇಳೆ ಭಾಗವತರದು.

ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲದ ಸೀಮೆಯ ಹಂಚಿಕೆಯೇ ಬೇರೆ. ಇಲ್ಲಿ ಮಂಟೇಸ್ವಾಮಿಯ ಕತೆಯನ್ನು ತಂಬೂರಿ ಹಿಡಿದ ನೀಲಗಾರರೂ, ಮಾದಪ್ಪನ ಕತೆಯನ್ನು ಕಂಸಾಳೆಯ ದೇವರಗುಡ್ಡರೂ ಹಾಡುತ್ತಾರೆ. ಇಡೀ ಕಾವ್ಯ ಒಂದು ರಾತ್ರಿಗೆ ಮುಗಿಯುವುದಲ್ಲ. ಅದು ಸಾಲುಗಳಾಗಿ ಒಡೆದಿದೆ. ಮಾದಪ್ಪನ ಕತೆಯಲ್ಲಿ ಸಂಕಮ್ಮನ ಸಾಲೋ, ಸರಗೂರಯ್ಯನ ಸಾಲೋ, ಕತೆ ಮಾಡಿಸುವವರು ಕೇಳಬಹುದು. ಹಾಡುವಾಗ ಹಿಮ್ಮೇಳದವರು ಸೊಲ್ಲನ್ನು ಹಿಡಿದು ತಿರುಗಿ ಹಾಡುತ್ತಾರೆ, ಹೂಂಗುಟ್ಟುತ್ತಾರೆ. ಆ ಹೂಂಕಾರವಿಲ್ಲದೆ ಕತೆ ಮುಂದೆ ಹೆಜ್ಜೆ ಇಡುವುದಿಲ್ಲ. ಮಂಟೇಸ್ವಾಮಿಯ ಕತೆಯಲ್ಲಿ ಅವನ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರಿಂದ ಕಬ್ಬಿಣ ತರಲೇಬೇಕು. ಆದರೆ ಆ ದಾರಿ ಎಷ್ಟು ಉದ್ದ, ಯಾವ ಸಂಕಟದ ಬಳಿ ಹೆಚ್ಚು ಹೊತ್ತು ನಿಲ್ಲಬೇಕು ಎನ್ನುವುದು ಹಾಡುವವರೂ ಕೇಳುವವರೂ ಸೇರಿ ಆ ರಾತ್ರಿ ಕಂಡುಕೊಳ್ಳುವಂಥದ್ದು. ಇವು ಭಕ್ತಿಯ ಕಾರ್ಯ, ಆಟವಲ್ಲ ಎಂಬ ಎಚ್ಚರ ನನಗಿದೆ. ಹೋಲಿಸುತ್ತಿರುವುದು ಹಕ್ಕಿನ ಹಂಚಿಕೆಯನ್ನು ಮಾತ್ರ.

ಅತ್ತ ಮೇಜಿನ ಆಟದವರು ಒಂದೊಂದೇ ಹಕ್ಕನ್ನು ಬಿಡಿಸುತ್ತ ಹೋದರು. 1987ರ ‘ಆರ್ಸ್ ಮ್ಯಾಜಿಕಾ’ದಲ್ಲಿ ಆಟ ನಡೆಸುವ ಕೆಲಸವೇ ಸರದಿಯ ಮೇಲೆ ಕೈಬದಲಾಗಬಹುದಿತ್ತು. ದೊಡ್ಡ ಜಿಗಿತ ಬಂದದ್ದು 2002ರಲ್ಲಿ, ಜೇರೆಡ್ ಸೊರೆನ್ಸನ್ ಅವರ ‘ಇನ್‌ಸ್ಪೆಕ್ಟರ್ಸ್’ನಿಂದ. ದೆವ್ವ ಹಿಡಿಯುವ ಕಂಪನಿಯ ನೌಕರರ ಆಟ ಅದು. ದಾಳ 4ರಿಂದ ಮೇಲೆ ಬಿದ್ದರೆ ಏನಾಯಿತೆಂದು ಆಟಗಾರನೇ ಹೇಳುತ್ತಾನೆ. 1, 2 ಬಿದ್ದರೆ ಆಟ ನಡೆಸುವವರು ಹೇಳುತ್ತಾರೆ. ಆ ಮನೆಯಲ್ಲಿರುವ ದೆವ್ವ ಯಾವುದು, ಯಾಕೆ ಬಂತು ಎಂಬುದನ್ನು ಆಟ ನಡೆಸುವವರು ಮೊದಲೇ ತೀರ್ಮಾನಿಸಿರುವುದಿಲ್ಲ. ಆಟಗಾರರ ಬಾಯಿಂದ ಬಂದ ಒಂದೊಂದು ಸುಳಿವೂ ನಿಜವಾಗುತ್ತ ಹೋಗಿ ದೆವ್ವಕ್ಕೆ ರೂಪ ಬರುತ್ತದೆ. ಬಾಗಿಲ ಹಿಂದೆ ಏನಿದೆ ಎನ್ನುವ ಹಕ್ಕು ಕೊನೆಗೂ ಕೈಬದಲಾಯಿತು. 2009ರಲ್ಲಿ ಜೇಸನ್ ಮಾರ್ನಿಂಗ್‌ಸ್ಟಾರ್ ಅವರ ‘ಫಿಯಾಸ್ಕೊ’ ಬಂದಾಗ ಗೇಮ್ ಮಾಸ್ಟರ್ ಇಲ್ಲದೆಯೇ ಆಟ ನಡೆಯಿತು.

ನನಗೆ ಈ ಕೊನೆಯ ಮೆಟ್ಟಿಲು ಅಷ್ಟು ಮುಖ್ಯವೆನಿಸುವುದಿಲ್ಲ. ನಡೆಸುವವರನ್ನು ತೆಗೆದುಹಾಕುವುದಕ್ಕಿಂತ, ಯಾವ ಹಕ್ಕು ಯಾರಿಗೆ ಎಂದು ಬಿಡಿಸಿ ನೋಡುವುದರಲ್ಲೇ ಹೆಚ್ಚು ವಿದ್ಯೆಯಿದೆ. ಭಾಗವತರಿಲ್ಲದ ತಾಳಮದ್ದಳೆ ಬರೀ ಜಗಳವಾದೀತು.

ಗುಂಡ್ಲುಪೇಟೆ ಸೀಮೆಯ ಹಂಗಳ ಎಂಬ ಊರನ್ನೇ ಒಂದು ಬ್ರೌನ್‌ಸ್ಟೈನ್ ಮಾಡಬಹುದು ಎಂದು ನನಗೆ ಬಲವಾಗಿ ಅನಿಸುತ್ತದೆ. ಬಂಡೀಪುರದ ಅಂಚು, ಊಟಿ ರಸ್ತೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ದಾರಿ, ಎಲ್ಲ ಇಲ್ಲೇ ಕೂಡುತ್ತವೆ. ಒಬ್ಬಳು ಅರಿಶಿನ ಹಾಕಿದ ರೈತ ಹೆಂಗಸು, ಒಬ್ಬ ಅರಣ್ಯ ಇಲಾಖೆಯ ವಾಚರ್, ಒಬ್ಬ ಕುರಿ ಕಾಯುವವನು, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಮುಚ್ಚುವುದರಿಂದ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಕೊಂಡ ಲಾರಿ ಡ್ರೈವರ್. ಒಬ್ಬೊಬ್ಬರಿಗೂ ಒಂದೊಂದು ಗುಟ್ಟಿನ ತುರ್ತು. ಕತ್ತಲಾಗಿದೆ, ಆನೆ ಕಂದಕ ದಾಟಿದೆ.

ಈಗ ಆ ಆನೆ ಯಾರ ಕೈಲಿರಬೇಕು? ಆಟ ನಡೆಸುವವರ ಕೈಲಿದ್ದರೆ ಅದು ಬರೀ ಅಪಾಯವಾಗಿ ಬರುತ್ತದೆ. ಪ್ರತಿಯೊಬ್ಬರೂ ತಮ್ಮತಮ್ಮ ಹೊಲದಿಂದ ಅದನ್ನು ಆಚೆ ದಾಟಿಸುವ ಹಾಗಾದರೆ ಆನೆಯೇ ಉಳಿಯುವುದಿಲ್ಲ. ನಾನು ಬರೆಯುವ ನಿಯಮ ಹೀಗಿದೆ: ದಾಳ 4, 5, 6 ಬಿದ್ದರೆ ಆನೆ ಎತ್ತ ತಿರುಗಿತೆಂದು ಆಟಗಾರರು ಹೇಳಲಿ, ಆದರೆ ಅದು ನಿಲ್ಲುವ ಜಾಗ ಮೇಜಿನ ಸುತ್ತ ಕೂತ ಇನ್ನೊಬ್ಬರ ಪಾಲಿನದಾಗಿರಬೇಕು. 1, 2, 3 ಬಿದ್ದರೆ ಪಕ್ಕದಲ್ಲಿ ಕೂತವರು ಆನೆಯ ಪರವಾಗಿ ಮಾತಾಡಲಿ: ಅದಕ್ಕೆ ಹಸಿವೋ, ಜೊತೆಗೆ ಮರಿಯಿದೆಯೋ, ಹಳೆಯ ದಾರಿಗೆ ಯಾರೋ ಬೇಲಿ ಹಾಕಿದ್ದಾರೋ. ಹಾಗೆ ಹೇಳಿದ್ದು ಉಳಿದ ಆಟದುದ್ದಕ್ಕೂ ನಿಜ. ಆಟ ನಡೆಸುವವರಿಗೆ ಉಳಿಯುವುದು ಭಾಗವತರ ಕೆಲಸ: ಮಾತು ಯಾವಾಗ ನಿಲ್ಲಬೇಕು, ಬೆಳಗು ಯಾವಾಗ ಆಗಬೇಕು, ಚೆಕ್‌ಪೋಸ್ಟಿನ ಗೇಟು ಯಾವಾಗ ಏಳಬೇಕು.