ಬಳ್ಳಾರಿ ಸೀಮೆಯ ಗ್ರಂಥಾಲಯಗಳು

ಸಾರ್ವಜನಿಕ ಗ್ರಂಥಾಲಯವು ಸರ್ಕಾರದ ಧರ್ಮಕಾರ್ಯವೆಂದು ನಮ್ಮಲ್ಲಿ ಅನೇಕರ ಭಾವನೆ. ಇದು ಸರಿಯಲ್ಲ. 1965ರ ಗ್ರಂಥಾಲಯ ಅಧಿನಿಯಮದ ಮೇರೆಗೆ ಮನೆಗಳ ತೆರಿಗೆಯೊಡನೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಈಗ ಅದು ತೆರಿಗೆಯ ರೂಪಾಯಿಗೆ 6 ಪೈಸೆ. ಬಳ್ಳಾರಿಯ ಬ್ರೂಸ್‌ಪೇಟೆಯ ವರ್ತಕನೂ ಸಿರುಗುಪ್ಪದ ಅಕ್ಕಿ ಗಿರಣಿಯ ಒಡೆಯನೂ ಕುರುಗೋಡಿನ ಮಾಳಿಗೆ ಮನೆಯವನೂ ಆ ಪುಸ್ತಕಗಳಿಗೆ ಹಣ ತೆತ್ತವರೇ. ತನ್ನದೇ ಸೊತ್ತಿನ ಬಾಗಿಲಲ್ಲಿ ಯಾರೂ ಸಂಕೋಚಪಡಬೇಕಾಗಿಲ್ಲ.

ಈ ಸೀಮೆಗೆ ಇಂತಹ ಶಾಸನವು ಹಳೆಯ ಮೈಸೂರಿಗಿಂತ ಮೊದಲೇ ಬಂದಿತ್ತು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿಯು ಮದರಾಸಿಗೆ ಸೇರಿತ್ತು. ಅಲ್ಲಿ 1948ರಲ್ಲಿಯೇ ಗ್ರಂಥಾಲಯ ಶಾಸನವಾಯಿತು. ಅದರ ಹಿಂದಿನ ಪ್ರೇರಣೆ ಎಸ್. ಆರ್. ರಂಗನಾಥನ್ ಅವರದು. ಓದುಗನಿಗೆ ತಕ್ಕ ಪುಸ್ತಕವನ್ನು ಒದಗಿಸುವುದಷ್ಟೇ ಅಲ್ಲ, ಕಪಾಟಿನಲ್ಲಿ ಕುಳಿತ ಪುಸ್ತಕಕ್ಕೆ ಓದುಗನನ್ನು ಹುಡುಕಿಕೊಡುವುದೂ ಗ್ರಂಥಪಾಲನ ಹೊಣೆಯೆಂಬುದು ಅವರ ತತ್ತ್ವ.

ಈ ಎರಡನೆಯ ಮಾತಿಗೆ ಕುರುಗೋಡನ್ನೇ ನೋಡಬಹುದು. ದೊಡ್ಡಬಸವೇಶ್ವರನ ದರ್ಶನಕ್ಕೆ ಬರುವ ಭಕ್ತರಲ್ಲಿ ಆ ಊರು ಸಿಂದ ಅರಸರ ರಾಜಧಾನಿಯಾಗಿತ್ತೆಂದು ಬಲ್ಲವರು ಎಷ್ಟು ಮಂದಿ? ಬಳ್ಳಾರಿ ಸೀಮೆಯ ಅನೇಕ ಶಾಸನಗಳ ಪಾಠವು 1939ರಲ್ಲಿಯೇ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಗಿದೆ. ಕಲ್ಲು ಇಲ್ಲಿ, ಅದರ ಪಾಠ ಮಾತ್ರ ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಎಂದಾದರೆ ಊರಿನ ವಿದ್ಯಾರ್ಥಿಯ ಪಾಡೇನು? ಇನ್ನು ಮನೆ-ಮಠಗಳ ತಾಡವೋಲೆಗಳ ಸಂಗತಿ. ಫ. ಗು. ಹಳಕಟ್ಟಿಯವರು ಇಂತಹ ಕಟ್ಟುಗಳನ್ನು ಊರೂರು ಅಲೆದು ಕೂಡಿಸದಿದ್ದರೆ 1923ರಲ್ಲಿ ‘ವಚನ ಶಾಸ್ತ್ರ ಸಾರ’ವು ಹೊರಬರುತ್ತಿರಲಿಲ್ಲ. ಪೂಜೆಯ ಜಗುಲಿಯಿಂದ ಕಟ್ಟನ್ನು ಕೊಡಲು ಮನೆಯವರು ಹಿಂಜರಿಯುವುದು ಸಹಜ. ಈಗ ಕೊಡಬೇಕಾದುದೂ ಇಲ್ಲ. ಗ್ರಂಥಾಲಯವು ಯಾರಲ್ಲಿ ಏನಿದೆಯೆಂದು ಪಟ್ಟಿ ಮಾಡಿ, ಗರಿಗರಿಯ ಛಾಯಾಚಿತ್ರ ತೆಗೆದಿರಿಸಿಕೊಂಡು, ಕಟ್ಟನ್ನು ಅಲ್ಲಿಯೇ ಬಿಟ್ಟುಬರಬಹುದು. ಒರಲೆಯಂತೂ ಯಾರ ಅನುಮತಿಯನ್ನೂ ಕೇಳುವುದಿಲ್ಲ.

ಸಿರುಗುಪ್ಪದ ಅಗತ್ಯವೇ ಬೇರೆ. ಆಂಧ್ರದ ಗಡಿಗೆ ಹೊಂದಿದ ಈ ತಾಲ್ಲೂಕಿನಲ್ಲಿ ಕನ್ನಡದ ಬಳಿ ತೆಲುಗು ಪುಸ್ತಕಗಳೂ ಇರಬೇಕು. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗವಾಗಿ, ಅನಂತರ ‘ಅರಿವು ಕೇಂದ್ರ’ಗಳೆನಿಸಿದವು, 2020ರ ‘ಓದುವ ಬೆಳಕು’ ಯೋಜನೆಯಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಸಂತೋಷವೇ. ಆದರೆ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ತಾಯಿಯೊಡನೆ ಹೊಲಕ್ಕೆ ಹೋದ ಹುಡುಗಿ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಆಗ ಬಾಗಿಲು ಮುಚ್ಚಿದ್ದರೆ ಅವಳ ಸದಸ್ಯತ್ವದ ಚೀಟಿಯಿಂದ ಏನು ಪ್ರಯೋಜನ? ಮೊಬೈಲಿನಲ್ಲಿಯೇ ಓದಬಹುದೆಂದು ಹೇಳುವವರು, ಮನೆಗೊಂದೇ ಮೊಬೈಲು, ಅದೂ ತಂದೆಯ ಜೇಬಿನಲ್ಲಿ ಇರುವುದನ್ನು ಮರೆಯುತ್ತಾರೆ.

ಬಳ್ಳಾರಿ ನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಬಡ ತರುಣರಿಗೆ ಬೇಕಾದುದು ಪುಸ್ತಕಕ್ಕಿಂತ ಹೆಚ್ಚಾಗಿ ನಿಶ್ಶಬ್ದವಾದ ಒಂದು ಮೇಜು, ತಲೆಯ ಮೇಲೊಂದು ಫ್ಯಾನು. ಈ ಸೀಮೆಯ ಬೇಸಗೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇವೆಲ್ಲಕ್ಕೂ ಹಣ ಎಲ್ಲಿಂದೆಂಬ ಪ್ರಶ್ನೆ ಏಳುತ್ತದೆ. ಕರವಂತೂ ವಸೂಲಾಗುತ್ತಿದೆ; ಅದು ಗ್ರಂಥಾಲಯಕ್ಕೆ ಪೂರ್ತಿಯಾಗಿ ಸಂದಿತೇ ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವ ಅಧಿಕಾರ ತೆತ್ತವನಿಗಿದೆ.