ಗೋಡೆ ಮೇಲಿನ ಕೆಂಪು ತ್ರಿಕೋನ

ಹಳೇ ಹೈವೇ ಪಕ್ಕ ಒಂದು ಪಾಳುಗೋಡೆ ಇದೆಯಲ್ಲ, ಈ ಸಲದ ಮಳೆಗೆ ಅದರ ಸುಣ್ಣ ಉದುರಿ ತಲೆಕೆಳಗಾದ ಕೆಂಪು ತ್ರಿಕೋನ ಹೊರಗೆ ಬಂದಿದೆ. ಪಕ್ಕದಲ್ಲಿ ಅರ್ಧ ಅಳಿಸಿದ ನಾಲ್ಕು ಮುಖ. ರೂಮ್‌ಮೇಟ್ 'ಗಿವ್ ವೇ' ಬೋರ್ಡ್ ಅಂದ. ಟ್ರಾಫಿಕ್ ಬೋರ್ಡಿಗೆ ಮುಖ ಯಾಕೆ?

ಫೋಟೋ ಅಜ್ಜಿಗೆ ಕಳಿಸಿದೆ. ತಕ್ಷಣ ಫೋನ್. "ಅದು ಫ್ಯಾಮಿಲಿ ಪ್ಲಾನಿಂಗ್‌ದು ಕಣೋ!"

ಆಮೇಲೆ ಹುಡುಕಿದೆ. ಸರ್ಕಾರದ ಕುಟುಂಬ ಯೋಜನೆ 1952ರಲ್ಲೇ ಶುರುವಾಗಿತ್ತು. 1960ರ ದಶಕದಲ್ಲಿ ಅದರ ಪ್ರಚಾರ ನೋಡಿಕೊಳ್ಳುತ್ತಿದ್ದ ದೀಪ್ ತ್ಯಾಗಿ ಅವರ ಕಾಲದಲ್ಲಿ ಈ ತ್ರಿಕೋನ ಬಂತು. ಓದು ಬರದವರಿಗೂ ಗೊತ್ತಾಗಬೇಕು, ಎಲ್ಲ ಭಾಷೆಗೂ ಒಂದೇ ಇರಬೇಕು, ಯಾವ ಪೇಂಟರ್ ಬೇಕಾದರೂ ಬರೆಯುವಂತಿರಬೇಕು. ನಮ್ಮ ಲೋಗೋ ಕಾಂಪಿಟಿಷನ್‌ನವರು ಇದನ್ನ ನೋಡಬೇಕು! ಮುಖಗಳು ಅಪ್ಪ, ಅಮ್ಮ, ಮಗ, ಮಗಳು. 1968ರಲ್ಲಿ ಬಂದ ನಿರೋಧ್ 15 ಪೈಸೆಗೆ ಮೂರು.

ಇನ್ನು ಅದು ಈಗ ಯಾಕೆ ಕಾಣಿಸ್ತು? ಸುಣ್ಣ ಗೋಡೆಯೊಳಗೆ ಇಳಿದು, ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಗಟ್ಟಿಯಾಗುತ್ತೆ. ಆಯಿಲ್ ಪೇಂಟ್ ಮೇಲೆ ಇಳಿಯೋಕೆ ಜಾಗವೇ ಇಲ್ಲ, ಅದಕ್ಕೆ ಅಲ್ಲಿಂದಲೇ ಮೊದಲು ಸಿಪ್ಪೆ ಏಳುತ್ತೆ.

ಆಗಿನ ಘೋಷಣೆ 'ಎರಡೋ ಮೂರೋ ಸಾಕು' ಅಂತಿತ್ತು, ಆಮೇಲೆ ಎರಡಕ್ಕೆ ಇಳೀತು. ನಮ್ಮಪ್ಪ ಮೂರನೆಯವರು! ನಾನು ನಕ್ಕೆ, ಅಜ್ಜಿ ನಗಲಿಲ್ಲ. 1975-77ರ ಎಮರ್ಜೆನ್ಸಿಯಲ್ಲಿ ದೇಶದ ಎಷ್ಟೋ ಕಡೆ ಬಲವಂತದ ಆಪರೇಷನ್ ನಡೆದಿತ್ತು.

"ಆ ತ್ರಿಕೋನದ ಜೀಪ್ ಕಂಡ್ರೆ ನಿಮ್ ತಾತ ತೋಟಕ್ಕೆ ಓಡೋರು," ಅಂದರು. "ಕತ್ತಲಾದ ಮೇಲೇ ಮನೆಗೆ ಬರ್ತಿದ್ದಿದ್ದು."